ಗಾಳಿ ನಿಂತಾಗ ತಿರುಗಿದ ರಾಟಿ

ಮಗಳ ಮದುವೆಯ ದಿನ ಬೀಗರ ಕಾಲಿಗೆ ಕೊಡಲು ಪಕ್ಕೀರವ್ವನ ಮನೆಯಲ್ಲಿ ನೀರಿರಲಿಲ್ಲ. ಹಳ್ಳದ ವರತೆಯಲ್ಲಿ ಕೆರೆದು ತಂದಿದ್ದ ಕೊಡಗಳೆಲ್ಲ ಅಡುಗೆಗೇ ಮುಗಿದಿದ್ದವು. ಆನೆಗೊಂದಿಯಿಂದ ಚಕ್ಕಡಿಯಲ್ಲಿ ಬಂದಿಳಿದ ಬೀಗತಿ ಹೊಳಿಯಮ್ಮ, ದೂಳು ಮೆತ್ತಿದ ಕಾಲನ್ನು ಎಲ್ಲರಿಗೂ ಕಾಣುವಂತೆ ಮುಂದೆ ಚಾಚಿ ಕಟ್ಟೆಯ ಮೇಲೆ ಕುಳಿತುಬಿಟ್ಟಳು. ಬಹಳ ಹೊತ್ತಾದ ಮೇಲೆ, "ಯಾಕ್ರಿ ಬೀಗತಿ, ನಿಮ್ಮೂರಾಗ ಬಂದವರ ಕಾಲಿಗೆ ನೀರು ಕೊಡೋ ಪದ್ಧತಿ ಇಲ್ಲೇನು? ನಮ್ಮ ಕಡಿ ನಾಯಿಗೂ ಒಂದು ಪರಟಿ ನೀರು ಇಡ್ತೀವಿ," ಎಂದಳು.

ಹೊಳಿಯಮ್ಮ ಕೆಟ್ಟ ಹೆಂಗಸೇನಲ್ಲ. ಆದರೆ ತುಂಗಭದ್ರೆಯ ದಂಡೆಯಲ್ಲಿ ಹುಟ್ಟಿ, ಬಾಳೆಯ ತೋಟದಲ್ಲಿ ಕೂಲಿ ಮಾಡಿ, ದಿನಕ್ಕೆರಡು ಸಲ ಹೊಳೆಗಿಳಿದು ಮಿಂದು ಬೆಳೆದವಳು. ನೀರಿನ ವಿಷಯದಲ್ಲಿ ಅಂಥವರ ಬಾಯಿಗೆ ಲಗಾಮು ಇರುವುದಿಲ್ಲ. ಪಕ್ಕೀರವ್ವ ಆ ದಿನ ನಕ್ಕು ಸುಮ್ಮನಾದಳು. ಆದರೆ ಆ ಮಾತು ಅವಳ ಎದೆಯಲ್ಲಿ ಮುಳ್ಳಾಗಿ ಮುರಿದುಕೊಂಡಿತು. ಕಿತ್ತರೂ ಬರಲಿಲ್ಲ, ಮಾಯಲೂ ಇಲ್ಲ.

ಚೊಚ್ಚಲ ಹೆರಿಗೆ ತವರುಮನೆಯದು. ಬಡವರಿರಲಿ, ಬಲ್ಲಿದರಿರಲಿ, ಈ ಸೀಮೆಯಲ್ಲಿ ಯಾರೂ ಇದನ್ನು ತಪ್ಪಿಸುವುದಿಲ್ಲ. ತಪ್ಪಿಸಿದರೆ ಹೆಣ್ಣುಮಗಳು ಸಾಯುವತನಕ ಅತ್ತೆಯ ಮನೆಯಲ್ಲಿ ಆ ಮಾತು ಕೇಳಬೇಕು. ಪಕ್ಕೀರವ್ವನಿಗಿದ್ದ ಒಬ್ಬಳೇ ಮಗಳು ಹುಲಗೆಮ್ಮ. ಅವಳು ಬಸುರಿ ಎಂಬ ಸುದ್ದಿ ಬಂದ ದಿನ ಪಕ್ಕೀರವ್ವ ಹಿಗ್ಗಿದ್ದು ಒಂದು ಗಳಿಗೆ ಮಾತ್ರ. ಮರುಗಳಿಗೆಯೇ ಅವಳು ತಿಂಗಳು ಎಣಿಸಿದಳು. ಎಣಿಕೆ ಹೋಗಿ ಹೋಗಿ ವೈಶಾಖಕ್ಕೇ ನಿಂತಿತು. ಬಾಣಂತಿಗೆ ಎರೆಯಲು ಹಂಡೆಗಟ್ಟಲೆ ನೀರು ಬೇಕು, ಕೂಸಿಗೆ ಬೇಕು, ಬಟ್ಟೆಗೆ ಬೇಕು. ಕರೇಕಲ್ಲು ಎಂಬ ಈ ಊರಿನಲ್ಲಿ, ಅದರಲ್ಲೂ ಅವಳ ಕೇರಿಯಲ್ಲಿ, ವೈಶಾಖದ ಹೊತ್ತಿಗೆ ಕಣ್ಣೀರಿಗೂ ಬರ.

ಕೇರಿಯ ನೀರಿನ ಕಥೆ ಹೀಗಿತ್ತು. ಮೇಲಿನ ಓಣಿಯ ಸಿಹಿನೀರ ಬಾವಿಯ ಹತ್ತಿರ ಅವರು ಸುಳಿಯುವ ಹಾಗಿರಲಿಲ್ಲ. ಊರ ಹೊರಗೆ ಹತ್ತಿ ವ್ಯಾಪಾರಿ ಅಂದಪ್ಪನ ತೋಟದ ಬಾವಿಯಿತ್ತು. ಅದನ್ನೂ ಮುಟ್ಟುವ ಹಾಗಿರಲಿಲ್ಲ. ಆದರೆ ಅಲ್ಲಿ ಮುದಿಯಪ್ಪ ಎಂಬ ಆಳು ಎರಡು ಎತ್ತು ಕಟ್ಟಿ ಕಪಿಲೆ ಹೊಡೆಯುತ್ತಿದ್ದ. ತೊಗಲಿನ ಚೀಲ ಬಾವಿಗಿಳಿದು ತುಂಬಿಕೊಂಡು ಮೇಲೆ ಬಂದಾಗ ಅದರ ನೀರು ನಿಂಬೆ, ಪೇರಲ ಗಿಡಗಳಿಗೆ ಹರಿಯುತ್ತಿತ್ತು. ಕೇರಿಯ ಹೆಂಗಸರು ಕೊಡ ಇಟ್ಟುಕೊಂಡು ಬೇಲಿಯಾಚೆ ನಿಲ್ಲಬೇಕು. ಮುದಿಯಪ್ಪನ ಮನಸ್ಸು ಬಂದರೆ ಕಾಲುವೆಯ ಬಾಯಿ ಅವರ ಕಡೆ ತಿರುಗಿಸುತ್ತಿದ್ದ. ಬರದಿದ್ದರೆ "ಗಿಡಕ್ಕ ಮೊದಲು, ನಿಮಗ ಆಮ್ಯಾಲ" ಎಂದು ಚಿಲುಮೆ ಹಚ್ಚುತ್ತಿದ್ದ. "ಯಪ್ಪಾ, ಒಂದು ಕೊಡ ಬಿಡಪಾ, ನಿನ್ನ ಹೊಟ್ಟಿ ತಣ್ಣಗಿರಲಿ" ಎಂದು ಪಕ್ಕೀರವ್ವ ಎಷ್ಟು ಸಲ ಗೋಗರೆದಿದ್ದಳೋ ಅವಳಿಗೇ ಲೆಕ್ಕವಿರಲಿಲ್ಲ.

ಹೀಗಿರುವಾಗ ಆ ವರ್ಷದ ಸುಗ್ಗಿಯಲ್ಲಿ ಅಂದಪ್ಪ ಊರಿಗೆ ಗಾಳಿರಾಟಿ ತಂದ. ಇದು ನಿಜಾಮರ ಆಳಿಕೆಯ ಕಾಲ, ದೊಡ್ಡ ಯುದ್ಧ ಇನ್ನೂ ಶುರುವಾಗಿರಲಿಲ್ಲ. ರಾಯಚೂರಿನ ಆಚೆ ಯಾರೋ ಸಾಹೇಬ ತನ್ನ ಬಂಗಲೆಯ ಬಾವಿಗೆ ಹಾಕಿಸಿದ್ದನಂತೆ. ಅವನು ವಿಲಾಯತಿಗೆ ಹೊರಟಾಗ ಅದನ್ನು ಬಿಚ್ಚಿ ಮಾರಿದ. ಅಂದಪ್ಪ ಹತ್ತಿ ಮಾರಲು ಹೋದವನು ಕಬ್ಬಿಣ ಹೇರಿಕೊಂಡು ಬಂದ. ಜತೆಗೆ ಅದನ್ನು ಜೋಡಿಸಲು ನೂರಸಾಬ ಎಂಬ ಮೇಸ್ತ್ರಿಯೂ ಬಂದ. ಬಾವಿಯ ಮೇಲೆ ನಾಲ್ಕು ಕಾಲಿನ ಕಬ್ಬಿಣದ ಅಟ್ಟಣಿಗೆ ಎದ್ದಿತು. ಅದರ ನೆತ್ತಿಯಲ್ಲಿ ತಗಡಿನ ರೆಕ್ಕೆಗಳ ದೊಡ್ಡ ರಾಟಿ, ರಾಟಿಯಿಂದ ಬಾವಿಯೊಳಕ್ಕೆ ಇಳಿದ ಸರಳು, ಸರಳಿನ ತುದಿಗೆ ಪಂಪು. ರಾಟಿ ತಿರುಗಿದರೆ ಸರಳು ಏರಿಳಿಯಬೇಕು, ನೀರು ತಾನೇ ಮೇಲೆ ಬಂದು ಗಚ್ಚಿನ ತೊಟ್ಟಿಗೆ ಬೀಳಬೇಕು.

ಬಿದ್ದಿತು ಕೂಡ! ಅದು ಜೋಳದ ರಾಶಿಯ ಕಾಲ. ಕಣಗಳಲ್ಲಿ ಜನ ಮೊರ ಎತ್ತಿ ತೂರುತ್ತಿದ್ದರು, ಹೊಟ್ಟು ಹಾರಿ ದೂರಕ್ಕೆ ಬೀಳುತ್ತಿತ್ತು. ಅದೇ ಗಾಳಿಗೆ ರಾಟಿ ಗಿರಗಿರ ತಿರುಗಿ ತೊಟ್ಟಿ ತುಂಬಿ ಚೆಲ್ಲಿತು. ಅಂದಪ್ಪ ಹಿಗ್ಗಿ ಹೀರೇಕಾಯಾದ. ಒಳ್ಳೆಯ ಮನಸ್ಸು ಬಂದಾಗ ಅವನು ಒಳ್ಳೆಯವನೇ. ತೊಟ್ಟಿಯ ತಳದಿಂದ ಬೇಲಿಯಾಚೆಗೆ ಒಂದು ಕೊಳವೆ ಹಾಕಿಸಿ, "ಕೇರ್ಯಾಗಿನವರು ಇಲ್ಲಿ ಹಿಡಕೊಳ್ರಿ, ಯಾರನ್ನೂ ಕೇಳೋ ಜರೂರಿ ಇಲ್ಲ," ಎಂದು ಹೇಳಿದ.

ಪಕ್ಕೀರವ್ವ ಮೊದಲ ಕೊಡ ಹಿಡಿದ ದಿನ ಅತ್ತಳು. ಬೇಡದೆ ತುಂಬಿದ ಕೊಡ ಅವಳ ಜನ್ಮದಲ್ಲೇ ಅದು ಮೊದಲನೆಯದು. ಗಾಳಿಗೆ ಯಪ್ಪಾ ಅನ್ನಬೇಕಾಗಿರಲಿಲ್ಲ. ಗಾಳಿ ಚಿಲುಮೆ ಸೇದುತ್ತ ಕೂರುತ್ತಿರಲಿಲ್ಲ.

ಅಂದಪ್ಪನ ತಾಯಿ ಕಳಕಮ್ಮ ಮಾತ್ರ ಮೂಗು ಮುರಿದಳು. "ಎತ್ತು ಹಟ್ಟ್ಯಾಗ ಇರತಾವ, ಕರದ್ರ ಬರತಾವ. ಗಾಳಿ ಯಾವ ಹಟ್ಟ್ಯಾಗ ಐತೋ ಅಂದಪ್ಪ?" ಎಂದಳು.

"ಅದಕ್ಕ ಮೇವು ಹಾಕಬೇಕಾ, ನೀರು ಕುಡಸಬೇಕಾ? ನಮ್ಮೂರ ಗಾಳಿ ನಿನಗ ಗೊತ್ತಿಲ್ಲೇನಬೇ?" ಎಂದ ಅಂದಪ್ಪ.

ನೂರಸಾಬ ರೆಕ್ಕೆಗೆ ಎಣ್ಣೆ ಬಿಟ್ಟು ಇಳಿದು ಬಂದವನು ನಕ್ಕ. "ನಿಮ್ಮೂರ ಗಾಳಿ ನೀವಽ ನೋಡ್ಕೊಳ್ರಿ ಸಾವುಕಾರ್ರ. ನಾ ರಾಟಿ ಕೂಡಸಾವ," ಎಂದು ಕೂಲಿ ಇಸಿದುಕೊಂಡು ಹೊರಟುಹೋದ.

ಅಂದಪ್ಪ ಎತ್ತುಗಳನ್ನು ಕುಷ್ಟಗಿಯ ಸಂತೆಗೆ ಹೊಡೆಸಿದ. ಕಪಿಲೆಯ ಕಂಬ ಕಿತ್ತು ಅಟ್ಟಣಿಗೆಯ ಬುಡಕ್ಕೆ ಹೂತ. ಮುದಿಯಪ್ಪ ಗಂಟು ಕಟ್ಟಿಕೊಂಡು ಎಲಬುರ್ಗಾದ ಮಗಳ ಮನೆ ಸೇರಿದ.

ಈಗ ನಾವು ಅಂದಪ್ಪನನ್ನು ನೋಡಿ ನಗಬಹುದು. ಆದರೆ ಆಗ ಇಡೀ ಊರಿನಲ್ಲಿ ಕಳಕಮ್ಮನ ಹೊರತು ಒಬ್ಬರಿಗೂ ಅನುಮಾನ ಬರಲಿಲ್ಲ. ಯಾಕೆಂದರೆ ಕರೇಕಲ್ಲಿನವರು ಗಾಳಿಯನ್ನು ಕಂಡದ್ದೆಲ್ಲ ಕಣದಲ್ಲಿ. ರಾಶಿ ಮಾಡುವ ದಿನಗಳಲ್ಲಿ ಬೆಳಗ್ಗೆ ಎಷ್ಟು ಹೊತ್ತಿಗೆ ಬೀಸುತ್ತದೆ, ಸಂಜೆ ಯಾವ ದಿಕ್ಕಿಗೆ ಹೊರಳುತ್ತದೆ, ಎಲ್ಲ ಅವರಿಗೆ ಬಾಯಿಪಾಠ. ಗಾಳಿ ಬಂದಾಗ ತೂರಿಕೋ ಎನ್ನುವ ಮಾತು ಅವರಿಗೆ ಗಾದೆಯಲ್ಲ, ದಿನದ ಕೆಲಸ. ತೂರುವುದು ಮುಗಿದು ಕಾಳು ಹಗೇವಿಗೆ ಸೇರಿತೆಂದರೆ, ಆಮೇಲೆ ಗಾಳಿ ಇತ್ತೋ ಇರಲಿಲ್ಲವೋ ಯಾರಿಗೆ ಬೇಕಾಗಿತ್ತು? ಚೈತ್ರ ವೈಶಾಖದಲ್ಲಿ ಗಾಳಿಯಿಂದ ಆಗುವ ಕೆಲಸ ಒಂದೂ ಇರಲಿಲ್ಲ. ಆದ್ದರಿಂದ ಅದನ್ನು ನೋಡಿದವರೂ ಇರಲಿಲ್ಲ. ಎಷ್ಟೋ ವರ್ಷ ಕಣದಲ್ಲಿ ಮೊರ ಹಿಡಿದು ನಿಂತ ಪಕ್ಕೀರವ್ವನೂ ಸುಗ್ಗಿಯ ಗಾಳಿಯನ್ನೇ ಹನ್ನೆರಡು ತಿಂಗಳ ಗಾಳಿ ಎಂದು ನಂಬಿದಳು.

ನಂಬಿಯೇ ಅವಳು ಬಸುರಿ ಮಗಳಿಗೆ ಕುಬುಸದ ಸೀರೆ, ಕೊಬ್ಬರಿ, ಬೆಲ್ಲ ಗಂಟು ಕಟ್ಟಿಕೊಂಡು ಗಂಡ ಓಬಳೆಪ್ಪನ ಜತೆ ಗಂಗಾವತಿಯ ಮೇಲೆ ಹಾದು ಆನೆಗೊಂದಿಗೆ ಹೋದದ್ದು. ಮಗಳಿಗೆ ಉಡಿ ತುಂಬಿದ ಮೇಲೆ, ಹೆರಿಗೆಗೆ ಕರೆದೊಯ್ಯುವ ಮಾತು ತೆಗೆದಳು.

ಹೊಳಿಯಮ್ಮ ಎಲೆ ಅಡಿಕೆ ಹಾಕಿಕೊಳ್ಳುತ್ತ, "ಪದ್ಧತಿ ಅಂದ್ರ ಪದ್ಧತಿ, ನಾ ಬ್ಯಾಡ ಅನ್ನಂಗಿಲ್ಲ. ಆದ್ರ ಬೀಗತಿ, ಹುಡಿಗಿಗೆ ಏನ ಎರೀತೀರಿ, ದೂಳಾ? ಇಲ್ಲೇ ಬಿಡ್ರಿ. ಹೊಳಿ ಬಾಗಲದಾಗ ಐತಿ," ಎಂದಳು.

ಪಕ್ಕೀರವ್ವ ಈ ಮಾತಿಗಾಗಿಯೇ ಕಾದಿದ್ದಳು. "ನಿಮ್ಮ ಹೊಳಿಗೆ ನೀವು ನಡಕೊಂಡು ಹೋಗಬೇಕ್ರಿ. ನಮ್ಮೂರಾಗ ಈಗ ಗಾಳಿ ನೀರು ಸೇದಿ ಬಾಗಲಿಗೆ ತಂದುಕೊಡತೈತಿ. ಕೊಡ ಒಡ್ಡೋದಷ್ಟ ನಮ್ಮ ಕೆಲಸ," ಎಂದಳು.

"ಗಾಳಿ ಸೇದತೈತಾ?" ಹೊಳಿಯಮ್ಮ ಬಾಯಿಗೆ ಸೆರಗು ಹಚ್ಚಿ ನಕ್ಕಳು. ಊರಾಚೆಯ ಅಂಜನಾದ್ರಿ ಬೆಟ್ಟದ ಕಡೆ ಕೈ ತೋರಿಸಿ, "ಗಾಳಿದೇವ್ರ ಮಗ ಹುಟ್ಟಿದ್ದು ನಮ್ಮ ಗುಡ್ಡದಾಗ. ನೀರೂ ನಮ್ಮದಽ, ಗಾಳೀನೂ ನಮ್ಮದಽ. ನಿಮಗ ಯಾವಾಗ ಕೊಟ್ನೋ!" ಎಂದಳು.

"ಬಂದು ನೋಡ್ರಿ. ಕೂಸು ಹುಟ್ಟಿದ ಐದನೇ ದಿನಕ್ಕ ಬರ್ರಿ. ಕಾಲಿಗಲ್ಲ, ತಲಿಮ್ಯಾಲ ಸುರಿತೀನಿ ನೀರು," ಎಂದಳು ಪಕ್ಕೀರವ್ವ.

ಓಬಳೆಪ್ಪ ದಾರಿಯಲ್ಲಿ, "ಇಷ್ಟು ದೊಡ್ಡ ಮಾತು ಬೇಕಾಗಿತ್ತೇನ?" ಎಂದ. ಅವನು ಮೊದಲಿನಿಂದಲೂ ಅಳುಕಿನ ಮನುಷ್ಯ. ಪಕ್ಕೀರವ್ವ ಮಗಳನ್ನು ಜತೆಗೇ ಕರೆತಂದಿದ್ದಳು. ಚಕ್ಕಡಿಯಲ್ಲಿ ಪಕ್ಕಕ್ಕೆ ಕುಳಿತಿದ್ದ ಮಗಳ ಕೈಯನ್ನು ಊರು ಬರುವತನಕ ಬಿಡಲಿಲ್ಲ.

ಯುಗಾದಿ ದಾಟಿತು. ಒಂದು ದಿನ ರಾಟಿ ಮಧ್ಯಾಹ್ನ ನಿಂತಿತು, ಸಂಜೆ ಮತ್ತೆ ತಿರುಗಿತು. ಯಾರೂ ಅದನ್ನು ದೊಡ್ಡದು ಮಾಡಲಿಲ್ಲ. ಆಮೇಲೆ ಇಡೀ ದಿನ ನಿಂತಿತು. ಆಮೇಲೆ ತಿರುಗಿದ ದಿನವನ್ನೇ ನೆನಪಿಡುವ ಹಾಗಾಯಿತು. ಬೇವಿನ ಎಲೆ ಅಲುಗಲಿಲ್ಲ. ಒಲೆಯ ಹೊಗೆ ಗೆರೆ ಎಳೆದಂತೆ ನೆಟ್ಟಗೆ ಏರಿತು. ಬೇಲಿಯಾಚೆಯ ಕೊಳವೆ ಮೊದಲು ದಾರವಾಯಿತು, ಹನಿಯಾಯಿತು, ಕೊನೆಗೆ ಅದರ ಬಾಯಲ್ಲಿ ಕಣಜ ಗೂಡು ಕಟ್ಟಿತು.

ಅಂದಪ್ಪನಿಗೂ ಕಳವಳ ಹತ್ತಿತು. ನಿಂಬೆಯ ಎಲೆ ಮುದುಡುತ್ತಿದ್ದವು. ಎತ್ತು ತರೋಣವೆಂದರೆ ಸೀಮೆಯಲ್ಲೆಲ್ಲ ದನಗಳಿಗೆ ದೊಡ್ಡ ಬೇನೆ ಬಿದ್ದು, ಸಂತೆಗಳನ್ನು ಬಂದ್ ಮಾಡಲು ಸರಕಾರದ ಹುಕುಂ ಆಗಿತ್ತು. ಇದ್ದವರೂ ತಮ್ಮ ಎತ್ತನ್ನು ಕೊಟ್ಟಿಗೆಯಿಂದ ಹೊರಗೆ ಬಿಡುತ್ತಿರಲಿಲ್ಲ. ಅವನು ಬೆಳಗಾದರೆ ಬಾವಿಯ ಹತ್ತಿರ ಬಂದು, ಬೆರಳು ಎಂಜಲು ಮಾಡಿ ಎತ್ತಿ ಹಿಡಿದು, "ನಾಳಿ ಬರತೈತಿ" ಎಂದು ಹೇಳಿ ಹೋಗುತ್ತಿದ್ದ.

ಪಕ್ಕೀರವ್ವ ಮತ್ತೆ ಹಳ್ಳದ ವರತೆಗೆ ಹೋಗತೊಡಗಿದಳು. ಮರಳು ತೋಡಿದ ಗುಂಡಿಯ ಮುಂದೆ ಕೂತು, ಒಸರಿದ್ದನ್ನು ಪರಟೆಯಲ್ಲಿ ಮೊಗೆದು, ಅರ್ಧ ಕೊಡ ಆಗುವಷ್ಟರಲ್ಲಿ ಬಿಸಿಲು ನೆತ್ತಿಗೆ ಬರುತ್ತಿತ್ತು. ತುಂಬಿದ ಹೊಟ್ಟೆಯ ಹುಲಗೆಮ್ಮ ಇದನ್ನೆಲ್ಲ ನೋಡುತ್ತಿದ್ದಳು. ಹೊಳೆಯ ಊರಲ್ಲಿ ವರ್ಷವೊಪ್ಪತ್ತು ಇದ್ದು ಅವಳ ಮೈ ನೀರಿಗೆ ಒಗ್ಗಿಬಿಟ್ಟಿತ್ತು. ಸೆಕೆಗೆ ಬೆನ್ನೆಲ್ಲ ಬೊಕ್ಕೆ. ಒಂದು ದಿನ ತಡೆಯಲಾರದೆ, "ಯವ್ವಾ, ನನ್ನ ಹೊಳಿ ಊರಿಗೆ ಕಳಿಸಿಬಿಡಬೇ. ಅತ್ತಿ ಏನರ ಅನ್ನಲಿ, ಅನಿಸಿಕೋತೀನಿ," ಎಂದಳು.

ಪಕ್ಕೀರವ್ವನಿಗೆ ಮಗಳ ಕಪಾಳಕ್ಕೆ ಹೊಡೆಯಬೇಕೆನ್ನಿಸಿತು, ಹಾಗೆಯೇ ತಬ್ಬಿಕೊಂಡು ಅಳಬೇಕೆನ್ನಿಸಿತು. ಎರಡೂ ಮಾಡಲಿಲ್ಲ. ಈ ಬಿಸಿಲಲ್ಲಿ, ಈ ಹೊಟ್ಟೆಯಲ್ಲಿ ಚಕ್ಕಡಿಯ ದಾರಿ ಹಿಡಿದರೆ ದಾರಿಯಲ್ಲೇ ಹೆರಬೇಕಾಗುತ್ತದೆ. ಕಳಿಸುವ ಕಾಲ ಮೀರಿತ್ತು. ನನ್ನ ಹಟಕ್ಕೆ ಇವಳನ್ನು ಬಾಯಾರಿಸಿದೆನಲ್ಲ ಎಂಬ ಸಂಕಟ ಅವಳನ್ನು ಒಳಗೊಳಗೇ ಸುಟ್ಟಿತು.

ವೈಶಾಖದ ಒಂದು ಬೆಳಗ್ಗೆ ಹುಲಗೆಮ್ಮನಿಗೆ ಬೇನೆ ಬಂತು. ಸೂಲಗಿತ್ತಿ ಹಸನಬೀ ಬಂದು ಹೊಟ್ಟೆ ಸವರಿ ನೋಡಿ, "ಚೊಚ್ಚಲ ಐತಿ, ಹೊತ್ತು ಹಿಡೀತೈತಿ. ನೀರು ಕಾಸಾಕ ಇಡು ಪಕ್ಕೀರವ್ವ," ಎಂದಳು.

ಪಕ್ಕೀರವ್ವ ಗಡಿಗೆ ಬಗ್ಗಿಸಿ ತೋರಿಸಿದಳು. ತಳದಲ್ಲಿ ಒಂದು ತಂಬಿಗೆಯಷ್ಟಿತ್ತು.

ಹಸನಬೀ ಗಡಿಗೆ ನೋಡಿದಳು, ಪಕ್ಕೀರವ್ವನ ಮುಖ ನೋಡಿದಳು. "ಇದು ಕೈ ತೊಳಿಯಾಕೂ ಸಾಲಂಗಿಲ್ಲವಾ. ಹೆತ್ತ ಮೈ ಹಂಗಽ ಇಟ್ರ ನಂಜು ಏರತೈತಿ. ನನ್ನ ಕಣ್ಣ ಮುಂದ ಎಷ್ಟು ಹುಡಿಗ್ಯಾರು ಹ್ವಾದ್ವು. ಎಲ್ಲಿಂದರ ತಾ," ಎಂದಳು.

ಓಬಳೆಪ್ಪ ಕೊಡ ಎತ್ತಿಕೊಂಡು ಹಳ್ಳದ ಕಡೆ ಓಡಿದ. ಪಕ್ಕೀರವ್ವ ಅಂದಪ್ಪನ ತೋಟದ ಕಡೆ ಓಡಿದಳು.

ಅಂದಪ್ಪ ಬಾವಿಯ ಹತ್ತಿರವೇ ಇದ್ದ. ಅವಳು ಬೇಲಿಯಾಚೆ ನಿಂತು ಸೆರಗೊಡ್ಡಿದಳು. "ಸಾವುಕಾರ್ರ, ಮಗಳು ಬ್ಯಾನಿ ತಿನ್ನಾಕತ್ತಾಳ್ರಿ. ಎರಡು ಕೊಡ ಸೇದಿಸಿ ಕೊಡ್ರಿ. ನಿಮ್ಮ ಕಾಲು ಹಿಡೀತೀನಿ."

"ಯಾರ ಕೈಲಿ ಸೇದಿಸಲಿ ಪಕ್ಕೀರವ್ವ? ಮುದಿಯಪ್ಪ ಇಲ್ಲ, ಕಪಿಲಿ ಇಲ್ಲ."

"ಹಗ್ಗ ಕೊಟ್ರ ನಾನಽ ಸೇದಿಕೋತೀನ್ರಿ."

"ಹುಚ್ಚಿ ಅದೀಯೇನ? ಬಾವಿಗೆ ನೀ ಹಗ್ಗ ಬಿಟ್ರ ನಮ್ಮವ್ವ ಈ ತೋಟದ ಹಣ್ಣು ಮನಿಯೊಳಗ ತರಸತಾಳಾ?"

"ನೀವಽ ಒಂದು ಕೊಡ..."

ಅಂದಪ್ಪ ಮುಖ ತಿರುಗಿಸಿದ. ಕೇರಿಯವಳಿಗೆ ಸಾವುಕಾರ ನೀರು ಸೇದಿಕೊಟ್ಟ ಎಂದು ಊರು ಆಡಿಕೊಳ್ಳುವುದನ್ನು ನೆನೆದೇ ಅವನ ಕಿವಿ ಕೆಂಪಾದವು. "ಸಂಜೀಕ ಗಾಳಿ ಬರೋ ಹಂಗ ಕಾಣತೈತಿ. ತಡಿ," ಎಂದು ಮನೆಯ ಕಡೆ ನಡೆದುಬಿಟ್ಟ. ಇದನ್ನು ಬರೆಯುವಾಗಲೂ ನನಗೆ ಸಿಟ್ಟು ಬರುತ್ತದೆ. ಕೆಟ್ಟವನಾಗಿದ್ದರೆ ಬೈದು ಸುಮ್ಮನಾಗಬಹುದಿತ್ತು. ಅಂದಪ್ಪ ಕೆಟ್ಟವನಲ್ಲ. ಅಂಜುಬುರುಕ.

ಪಕ್ಕೀರವ್ವನಿಗೆ ಕಾಲು ಕೀಳಲಾಗಲಿಲ್ಲ. ಹಾಳು ರಾಟಿಯನ್ನು ನೋಡುತ್ತ ನಿಂತಳು. ತೋಟದ ಪೇರಲ ಹಣ್ಣಿಗೆಂದು ದಿನಾ ಬರುವ ಮುಸುವಗಳ ಹಿಂಡು ಅಟ್ಟಣಿಗೆಯ ಮೇಲೆ ಆಡುತ್ತಿತ್ತು. ಅದರಲ್ಲೊಂದು ದಡೂತಿ ಗಂಡು, ಏನು ಬುದ್ಧಿ ಬಂತೋ, ರಾಟಿಯ ರೆಕ್ಕೆಗೆ ಹಾರಿ ಜೋತುಬಿದ್ದಿತು. ಭಾರಕ್ಕೆ ರಾಟಿ ಕಿರ್ರೆಂದು ಅರ್ಧ ಸುತ್ತು ತಿರುಗಿತು. ಮುಸುವ ಗಾಬರಿಯಾಗಿ ಮತ್ತೊಂದು ರೆಕ್ಕೆಗೆ ಹಾರಿತು, ರಾಟಿ ಮತ್ತೂ ತಿರುಗಿತು. ಸರಳು ಏರಿ ಇಳಿಯಿತು. ತೊಟ್ಟಿಯೊಳಗೆ ಪಂಪು ಒಂದು ಬಾಯಿ ನೀರು ಕಕ್ಕಿದ ಸಪ್ಪಳ ಪಕ್ಕೀರವ್ವನ ಕಿವಿಗೆ ಬಿತ್ತು.

ಅವಳು ಯೋಚನೆ ಮಾಡಲಿಲ್ಲ. ಬೇಲಿ ದಾಟಿದಳು. ಸೀರೆಯನ್ನು ಕಚ್ಚೆ ಹಾಕಿ, ನೂರಸಾಬ ಎಣ್ಣೆ ಬಿಡಲು ಹತ್ತುತ್ತಿದ್ದ ಕಬ್ಬಿಣದ ಮೆಟ್ಟಿಲು ಹಿಡಿದು ಮೇಲೆ ಹತ್ತಿದಳು. ಕಾದ ಕಬ್ಬಿಣ ಅಂಗೈ ಸುಟ್ಟಿತು. ಮೇಲೆ ಒಬ್ಬರು ನಿಲ್ಲುವಷ್ಟು ಹಲಗೆಯಿತ್ತು. ಅದರ ಮೇಲೆ ನಿಂತು ರೆಕ್ಕೆ ಹಿಡಿದು ಜಗ್ಗಿದಳು. ಹಿಟ್ಟು ಬೀಸಿ ಬೀಸಿ ಗಟ್ಟಿಯಾದ ರಟ್ಟೆ ಅವಳದು. ರಾಟಿ ತಿರುಗಿತು. ಒಂದು ರೆಕ್ಕೆ ಕೆಳಗಿಳಿದರೆ ಮತ್ತೊಂದು ಕೈಗೆ ಬರುತ್ತಿತ್ತು. ಕೆಳಗೆ ನೀರು ಬಿದ್ದ ಸದ್ದು, ಮತ್ತೆ ಸದ್ದು, ಮತ್ತೆ ಸದ್ದು.

ಸುದ್ದಿ ಕೇರಿಗೆ ಮುಟ್ಟಲು ತಡವಾಗಲಿಲ್ಲ. ಹೆಂಗಸರು ಕೊಡ ಹಿಡಿದು ಓಡಿಬಂದು ಕೊಳವೆಯ ಬಾಯಿಯ ಗೂಡು ಕಿತ್ತೆಸೆದರು. ನೀರು ಬಂತು. ಮೊದಲ ಕೊಡ ಪಕ್ಕೀರವ್ವನ ಮನೆಗೆ ಹೋಯಿತು. ಎರಡನೆಯದೂ ಅಲ್ಲಿಗೇ ಹೋಯಿತು.

ಅಷ್ಟರಲ್ಲಿ ಕಳಕಮ್ಮ ಕೋಲೂರಿಕೊಂಡು ಬಂದಳು, ಹಿಂದೆ ಅಂದಪ್ಪ. ಮುದುಕಿ ತಲೆಯೆತ್ತಿ ನೋಡಿ ಕೂಗಿದಳು. "ಯಾವಾಕಿ ಅಕಿ? ಬಾವಿ ಮುಟ್ಟೀ ಏನ ಬೇ?"

ಪಕ್ಕೀರವ್ವ ಕೈ ನಿಲ್ಲಿಸಲಿಲ್ಲ. ನಿಲ್ಲಿಸಿದರೆ ಮತ್ತೆ ಧೈರ್ಯ ಬರಲಿಕ್ಕಿಲ್ಲ ಎಂದು ಅವಳಿಗೆ ಗೊತ್ತಿತ್ತು. "ಇಲ್ರೀ ಅವ್ವಾರ. ಬಾವಿ ಮುಟ್ಟಿಲ್ಲ, ನೀರು ಮುಟ್ಟಿಲ್ಲ. ಗಾಳಿ ಮುಟ್ಟೋ ರೆಕ್ಕಿ ಮುಟ್ಟೀನಿ. ಸುಗ್ಗ್ಯಾಗ ಇದನ್ನ ತಿರುವಿದ ಗಾಳಿ ನಮ್ಮ ಕೇರಿ ಮ್ಯಾಲ ಹಾದಽ ಬರತಿತ್ತು. ಅವಾಗ ಯಾರೂ ಮೈಲಿಗಿ ಅನ್ನಲಿಲ್ಲ!"

ಕಳಕಮ್ಮ ತನ್ನ ಇಡೀ ಆಯುಷ್ಯದಲ್ಲಿ ಕೇಳಿದ ಶಾಸ್ತ್ರವನ್ನೆಲ್ಲ ಒಂದು ಸಲ ತಡಕಾಡಿ ಮಗನ ಕಡೆ ತಿರುಗಿದಳು. "ಏನ ಅಂತೀಯೋ?"

ಅಂದಪ್ಪ ಪಕ್ಕೀರವ್ವನನ್ನು ನೋಡುತ್ತಿರಲಿಲ್ಲ. ತೊಟ್ಟಿಗೆ ಬೀಳುತ್ತಿದ್ದ ನೀರನ್ನು ನೋಡುತ್ತಿದ್ದ. ಆಮೇಲೆ ಮುದುಡಿದ ನಿಂಬೆಗಿಡಗಳ ಕಡೆ ನೋಡಿದ. "ಅಕಿ ಹೇಳೋದ್ರಾಗ ತಪ್ಪೇನೈತಿಬೇ? ರೆಕ್ಕಿ ಮುಟ್ಯಾಳ. ತಿರುಗಸ್ಲಿ ಬಿಡು," ಎಂದ.

ಸಂಜೆಗೆ ಹುಲಗೆಮ್ಮ ಹೆತ್ತಳು, ಹೆಣ್ಣು ಕೂಸು. ಪಕ್ಕೀರವ್ವ ಬೊಬ್ಬೆ ಒಡೆದ ಕೈಯಲ್ಲೇ ಮಗಳಿಗೆ ನೀರೆರೆದಳು. ಬಿಸಿನೀರು ಬೆನ್ನಿನ ಮೇಲೆ ಬಿದ್ದಾಗ ಹುಲಗೆಮ್ಮ ಕಣ್ಣು ಮುಚ್ಚಿ, "ಸಾಕಬೇ, ಇನ್ನೊಂದು ಚರಿಗಿ ಹಾಕು," ಎಂದಳು. ಸಾಕು ಎನ್ನುತ್ತಲೇ ಬೇಡಿದ ಆ ಮಾತಿಗೆ ಹಸನಬೀ ಕೂಡ ನಕ್ಕಳು. ಪಕ್ಕೀರವ್ವನಿಗೆ ಅಷ್ಟು ಸುಖದ ಸಂಜೆ ಹಿಂದೆ ಬಂದಿರಲಿಲ್ಲ, ಮುಂದೆಯೂ ಬರಲಿಲ್ಲ.

ಮರುದಿನ ಅಂದಪ್ಪ ಕೇರಿಯ ಬಾಯಿಗೆ ಬಂದು ನಿಂತು ಓಬಳೆಪ್ಪನನ್ನು ಕರೆಸಿದ. ಮಾತು ಬೆಣ್ಣೆಯ ಹಾಗಿತ್ತು. "ನಿಮಗೂ ನೀರು ಬೇಕು, ನನಗೂ ಬೇಕು. ಗಾಳಿ ಇಲ್ಲದ ದಿನ ನೀವು ಸರತಿ ಹಚ್ಚಿ ರಾಟಿ ತಿರುವ್ರಿ. ತ್ವಾಟಕ್ಕ ತೊಟ್ಟಿ ತುಂಬಲಿ, ಆಮ್ಯಾಲ ನಿಮ್ಮ ಪೈಪು ಬಿಡಸ್ತೀನಿ. ಯಾರ ಉಪಕಾರಾನೂ ಬ್ಯಾಡ, ನಿಮ್ಮ ರಟ್ಟಿ ನಿಮ್ಮ ನೀರು."

ಕೇಳಲು ನ್ಯಾಯವಾಗಿಯೇ ಇತ್ತು. ಕೇರಿಯವರು ತಲೆಯಾಡಿಸಿದರು. ಬೇರೆ ಏನು ಮಾಡಬಹುದಿತ್ತು? ತೊಟ್ಟಿಯ ಕೊಳವೆಗೆ ಒಳಗಿನಿಂದ ಬಿರಡೆ ಬಿತ್ತು. ಮಾರನೆಯ ಬೆಳಗಿನಿಂದ ಹೆಂಗಸರು, ಗಂಡಸರು ಸರತಿಯಲ್ಲಿ ಅಟ್ಟಣಿಗೆ ಹತ್ತಿದರು. ಬಿಸಿಲಿಗೆ ತಲೆ ತಿರುಗಿದವರು ಇಳಿದರು, ಮತ್ತೊಬ್ಬರು ಹತ್ತಿದರು. ತೋಟಕ್ಕೆ ಹರಿದಷ್ಟೂ ತೊಟ್ಟಿ ಖಾಲಿಯಾಗುತ್ತಿತ್ತು. ಖಾಲಿಯಾದಷ್ಟೂ ತಿರುಗಿಸಬೇಕಾಗುತ್ತಿತ್ತು. ಕೇರಿಯ ಪೈಪಿನ ಬಿರಡೆ ಕೀಳುವ ಹೊತ್ತಿಗೆ ಹೊತ್ತು ಇಳಿದಿರುತ್ತಿತ್ತು.

ಐದನೆಯ ದಿನ ಹೊಳಿಯಮ್ಮ ಕೂಸು ನೋಡಲು ಬಂದಳು. ಪಕ್ಕೀರವ್ವ ಎರಡು ಕೊಡ ನೀರು ಅಂಗಳದಲ್ಲಿ ಇಟ್ಟಿದ್ದಳು. ಬೀಗತಿ ಕಾಲು ತೊಳೆದಳು, ಮುಖ ತೊಳೆದಳು, ಮೊಮ್ಮಗಳನ್ನು ಎತ್ತಿಕೊಂಡು ಮುದ್ದಾಡಿದಳು. ಆಮೇಲೆ ಗೋಡೆಯಾಚೆ ದೂರದಲ್ಲಿ ತಿರುಗುತ್ತಿದ್ದ ರಾಟಿ ಅವಳ ಕಣ್ಣಿಗೆ ಬಿತ್ತು. ಅಲ್ಲಿಂದ ರೆಕ್ಕೆ ಕಾಣುತ್ತಿತ್ತು, ಬೇವಿನ ಮರ ಅಡ್ಡವಾಗಿ ಅದನ್ನು ತಿರುಗಿಸುತ್ತಿದ್ದ ಓಬಳೆಪ್ಪ ಕಾಣುತ್ತಿರಲಿಲ್ಲ.

"ಖರೇನ ತಿರುಗತೈತಲ್ರೀ ಬೀಗತಿ! ಎಲಿ ಅಳಗ್ಯಾಡವಲ್ದು, ಅದು ಹೆಂಗ ತಿರುಗತೈತಿ?" ಎಂದಳು ಹೊಳಿಯಮ್ಮ, ಬೆರಗಾಗಿ.

ಪಕ್ಕೀರವ್ವನ ಗಂಟಲಿನ ತನಕ ನಿಜ ಬಂತು. ಆದರೆ ದೂಳಿನ ಕಾಲು ಚಾಚಿ ಕುಳಿತ ಆ ದಿನ ಅವಳಿಗೆ ನೆನಪಾಯಿತು. "ಮ್ಯಾಲ ಗಾಳಿ ಇರತೈತ್ರಿ. ನಮಗ ಗೊತ್ತಾಗಂಗಿಲ್ಲ," ಎಂದುಬಿಟ್ಟಳು.

"ಛಲೋ ಊರು ಬಿಡ್ರಿ ನಿಮ್ಮದು," ಎಂದಳು ಬೀಗತಿ ಮನಸ್ಸು ತುಂಬಿ. ಅವಳು ಇಷ್ಟು ಒಳ್ಳೆಯ ಮಾತು ಆಡಿದ್ದೇ ಮೊದಲು. ಪಕ್ಕೀರವ್ವನಿಗೆ ಆ ಮಾತು ಹಿಂದಿನ ಚುಚ್ಚುಮಾತಿಗಿಂತ ಹೆಚ್ಚು ನೋಯಿತು.

ಬಾಣಂತನದ ತಿಂಗಳುಗಳಲ್ಲಿ ಮುಂಗಾರು ಬಂತು. ಆಷಾಢದ ಗಾಳಿ ರಾಟಿಯನ್ನು ಹುಚ್ಚು ಹಿಡಿದಂತೆ ತಿರುಗಿಸಿತು. ತೊಟ್ಟಿ ಹಗಲೂ ರಾತ್ರಿ ಚೆಲ್ಲಿತು. ಮಳೆ ಬಿದ್ದ ನೆಲಕ್ಕೆ ಆಗ ಆ ನೀರು ಬೇಕಾಗಿರಲಿಲ್ಲ. ದನದ ಬೇನೆ ಇಳಿದು ಕುಷ್ಟಗಿಯ ಸಂತೆ ಮತ್ತೆ ತೆರೆಯಿತು. ಕೇರಿಯವರೆಲ್ಲ ಅಂದಪ್ಪ ಎತ್ತು ತರುವುದನ್ನೇ ಕಾದರು.

ಒಂದು ದಿನ ಪಕ್ಕೀರವ್ವ ಕೂಸನ್ನು ಕಂಕುಳಲ್ಲಿ ಎತ್ತಿಕೊಂಡು ಕೊಳವೆಯ ಹತ್ತಿರ ನಿಂತಿದ್ದಳು. ಕೊಪ್ಪಳದ ಕಡೆಯ ಯಾರೋ ಇಬ್ಬರು ಸಾವುಕಾರರು ರಾಟಿ ನೋಡಲು ಬಂದಿದ್ದರು. ಬೇಲಿಯೊಳಗಿನ ಮಾತು ಅವಳಿಗೆ ಸ್ಪಷ್ಟವಾಗಿ ಕೇಳುತ್ತಿತ್ತು.

"ಗಾಳಿ ನಂಬಿ ತ್ವಾಟ ಮಾಡಬಹುದೇನ್ರಿ ಅಂದಪ್ಪನವರ? ಬ್ಯಾಸಿಗ್ಯಾಗ ಕೈ ಕೊಡತೈತಿ ಅಂತಾರ."

"ಯಾರು ಹೇಳಿದ್ರು? ಹನ್ನೆರಡು ತಿಂಗಳೂ ತಿರುಗತೈತಿ. ಈ ವೈಶಾಖದಾಗ ಒಂದು ಗಿಡ ಒಣಗಿಲ್ಲ, ನೋಡ್ರಿ," ಎಂದ ಅಂದಪ್ಪ.

"ಹಂಗಾರ ಮತ್ತ ಎತ್ತು?"

"ಎತ್ತು ಯಾಕ್ರಿ ಬೇಕು? ಅವಕ್ಕ ಮೇವು ಹಾಕಬೇಕು."

ಪಕ್ಕೀರವ್ವ ಕೊಡ ಅಲ್ಲೇ ಬಿಟ್ಟು ಮನೆಗೆ ಬಂದಳು. ದಾರಿಯಲ್ಲಿ ಎದುರಾದ ನೆರೆಯ ಹೆಂಗಸರ ಮುಖ ನೋಡಲಾಗಲಿಲ್ಲ. ಅವರು ಯಾರೂ ಅವಳಿಗೆ ಏನೂ ಅಂದಿರಲಿಲ್ಲ. ಆದರೆ ಮೊದಲು ಹತ್ತಿದವಳು ತಾನೇ ಎಂಬುದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಹುಲಗೆಮ್ಮನನ್ನು ಕಳಿಸುವ ದಿನ ಬಂತು. ಅಳಿಯ ಚಕ್ಕಡಿ ತಂದಿದ್ದ. ಪಕ್ಕೀರವ್ವ ಮಗಳಿಗೆ ಉಡಿ ತುಂಬಿ, ಕೂಸಿನ ಹಣೆಗೆ ಕಾಡಿಗೆಯ ಬೊಟ್ಟಿಟ್ಟಳು. ಹುಲಗೆಮ್ಮ ಕಣ್ಣೊರೆಸಿಕೊಂಡು ನಗುತ್ತ, "ಅಳಬ್ಯಾಡಬೇ. ಇನ್ನ ನಮ್ಮತ್ತಿ ಏನೂ ಅನ್ನಂಗಿಲ್ಲ. ಇಲ್ಲಿ ನೀರು ಐತಿ ಅಂತ ಅಕಿಗೂ ಗೊತ್ತಾಗೈತಿ. ಮುಂದಿನದಕ್ಕೂ ಇಲ್ಲಿಗೇ ಬರತೀನಿ," ಎಂದಳು.

ಪಕ್ಕೀರವ್ವ ಮಗಳ ಎರಡೂ ಕೈ ಹಿಡಿದುಕೊಂಡಳು. ಅವಳ ಅಂಗೈಯ ಒರಟು ಹುಲಗೆಮ್ಮನಿಗೆ ಚುಚ್ಚಿತು.

"ಬರಬ್ಯಾಡ ನನ್ನವ್ವ," ಎಂದಳು ಪಕ್ಕೀರವ್ವ. "ಅಲ್ಲೇ ಹೊಳಿ ದಂಡಿಮ್ಯಾಲ ಹಡಿ. ನಾನಽ ಬಂದು ಎರೀತೀನಿ. ಈ ಊರಿಗೆ ಮಾತ್ರ ಬರಬ್ಯಾಡ."

ಹುಲಗೆಮ್ಮ ಯಾಕೆ ಎಂದು ಕೇಳಿದಳು. ಪಕ್ಕೀರವ್ವ ದೂರದ ರಾಟಿಯನ್ನೊಮ್ಮೆ ನೋಡಿ, ಚಕ್ಕಡಿಯ ಎತ್ತಿನ ಹೆಗಲು ಸವರಿದಳು. ಅಳಿಯ ಎತ್ತುಗಳ ಬಾಲ ಮುಟ್ಟಿದ, ಚಕ್ಕಡಿ ಗಂಗಾವತಿಯ ದಾರಿ ಹಿಡಿಯಿತು.